ಒತ್ತೆಯಿಟ್ಟ ಮಕ್ಕಳು

ಚೆನ್ನೈಯ ವೆಸ್ಟ್ ಮಾಂಬಲಂನ ಕನ್ನಡ ಮನೆಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಕಾವೇರಿ ಎಕ್ಸ್‌ಪ್ರೆಸ್ ಟಿಕೆಟ್ಟಿನದೇ ಮಾತು. ರಾತ್ರಿ ಸೆಂಟ್ರಲ್‌ನಲ್ಲಿ ಹತ್ತಿದರೆ ಬೆಳಿಗ್ಗೆ ಮೈಸೂರು. ನೆಂಟರ ಮನೆ, ಚಾಮುಂಡಿ ಬೆಟ್ಟ, ಆಮೇಲೆ ಶ್ರೀರಂಗಪಟ್ಟಣ. ಹಾಗೆ ಹೋದ ತಾತನೊಬ್ಬರನ್ನು ಕೋಟೆಯೊಳಗೆ ಎಂಟು ವರ್ಷದ ಮೊಮ್ಮಗ ಕೇಳಿದ: “ತಾತಾ, ಟಿಪ್ಪು ಸಿಂಹಾಸನ ಎಲ್ಲಿ?”

ಅಲ್ಲಿಲ್ಲ. 1799ರ ಮೇ 4ರಂದು, ಬೇಸಿಗೆಯ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿದ ಇಂಗ್ಲಿಷರ ಸೈನ್ಯ ಒಡೆದ ಗೋಡೆ ಹತ್ತಿ ಒಳನುಗ್ಗಿತು. ಚಿನ್ನದ ತಗಡು ಹೊದಿಸಿದ್ದ ಸಿಂಹಾಸನವನ್ನು ಕೊಳ್ಳೆಯ ಪಾಲು ಹಂಚಲೆಂದು ತುಂಡುತುಂಡು ಮಾಡಿದರು. ಮೇಲಿದ್ದ ಹುಮಾ ಪಕ್ಷಿ ಇಂಗ್ಲೆಂಡಿನ ಅರಸರ ಸಂಗ್ರಹಕ್ಕೆ ಹೋಯಿತು. ಪುಟ್ಟ ಹುಲಿಮುಖಗಳಲ್ಲೊಂದು ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಆಗ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಕುಟುಂಬದ ಪಾಲಿಗೆ ಬಂದದ್ದು ಅದು. ಹಿಡಿಕೆ ತಿರುಗಿಸಿದರೆ ಗುರುಗುಡುವ ಟಿಪ್ಪುವಿನ ಮರದ ಹುಲಿ ಲಂಡನ್ನಿನಲ್ಲಿದೆ.

ಒಯ್ಯಲಾಗದೆ ಉಳಿದದ್ದು ಗೋಡೆಗಳು. 1784ರ ದರಿಯಾ ದೌಲತ್ ಅರಮನೆಯ ಗೋಡೆಯ ತುಂಬ ಪೊಳ್ಳಿಲೂರಿನ ಯುದ್ಧವಿದೆ. 1780ರಲ್ಲಿ ಹೈದರ್, ಟಿಪ್ಪು ಗೆದ್ದ ಆ ಬಯಲು ಇರುವುದು ಕಾಂಚೀಪುರದ ಹತ್ತಿರ, ಅಂದರೆ ಹುಡುಗನ ಊರ ಕಡೆಗೇ. ಕಿಕ್ಕಿರಿದ ಕುದುರೆಗಳ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷರ ಕರ್ನಲ್ ಬೇಲಿ ಬೆರಳು ಕಚ್ಚಿಕೊಂಡಿದ್ದಾನೆ. ಸೋತವನ ದಿಗ್ಭ್ರಮೆಯನ್ನು ಒಂದು ಬೆರಳಲ್ಲಿ ಹೇಳಿದ ಆ ಚಿತ್ರಗಾರನ ಕೈ ದೊಡ್ಡದು.

ಇಷ್ಟಕ್ಕೇ ಶ್ರೀರಂಗಪಟ್ಟಣದ ಯಾತ್ರೆ ಮುಗಿಯಿತೆನ್ನಬಾರದು. ಚೆನ್ನೈಯವರಿಗಂತೂ ಅದರ ಕೊನೆಯ ಘಟ್ಟ ಮನೆಯ ಹತ್ತಿರವೇ ಇದೆ. ಮರಳಿದ ವಾರ ತಾತ, ಮೊಮ್ಮಗ ಮಾಂಬಲಂ ಸ್ಟೇಷನ್ನಿನಲ್ಲಿ ಬೀಚ್ ಕಡೆಯ ಲೋಕಲ್ ಹತ್ತಿ ಫೋರ್ಟ್‌ನಲ್ಲಿ ಇಳಿದರು.

ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಮ್ಮಿನಲ್ಲಿ ಥಾಮಸ್ ಬ್ಯಾಂಕ್ಸ್ ಕೆತ್ತಿದ, ಟಿಪ್ಪುವನ್ನು ಸೋಲಿಸಿದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ನಿಂತಿದ್ದಾನೆ. ಬಂದವರೆಲ್ಲ ತಲೆಯೆತ್ತಿ ಅವನ ಮುಖ ನೋಡುತ್ತಾರೆ. ನೋಡಬೇಕಾದದ್ದು ಕೆಳಗೆ, ಪೀಠದ ಕಲ್ಲಿನಲ್ಲಿ. ಅವನೊಡನೆ ಮಾಡಿಕೊಂಡ 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ತೆರಬೇಕಾಯಿತು. ಹಣ ತೀರುವ ತನಕ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಇಬ್ಬರು ಮಕ್ಕಳು ಒತ್ತೆ. ಅವರನ್ನು ಮದ್ರಾಸಿಗೆ ಕರೆತಂದರು. ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಅವರನ್ನು ಒಪ್ಪಿಸುವ ಗಳಿಗೆಯೇ ಪೀಠದ ಮೇಲಿರುವುದು. ಸಿಂಹಾಸನಕ್ಕಿಂತ ಬೆಲೆಬಾಳುವುದನ್ನು ಪಟ್ಟಣ ಏಳು ವರ್ಷ ಮೊದಲೇ ಹೊರಗೆ ಕಳಿಸಿತ್ತು.

ಹುಡುಗ ಬಗ್ಗಿ ನೋಡಿದ. “ಇವರಿಗೆ ಎಷ್ಟು ವರ್ಷ ತಾತಾ?”

“ಒಬ್ಬನಿಗೆ ನಿನ್ನಷ್ಟೇ, ಮರಿ.”

ಹುಡುಗ ತಾತನ ಬೆರಳು ಹಿಡಿದುಕೊಂಡ. ಫೋರ್ಟ್ ಸ್ಟೇಷನ್ ಬರುವ ತನಕ ಬಿಡಲಿಲ್ಲ.