ಕೈ ನೋಡಿ ಸಾಲು ಕೊಡು

ಕೆಲವು ದಿನಗಳ ಹಿಂದೆ ಆಳಂದ ತಾಲೂಕಿನ ಹಳ್ಳಿಯೊಂದರಲ್ಲಿ ಪಹಣಿಗಾಗಿ ಕಾದು ಕುಳಿತಿದ್ದೆವು. ಕೂಲಿ ಬಿಟ್ಟು ಬಂದ ತಾಯಿಯೊಬ್ಬರು ಮಧ್ಯಾಹ್ನದವರೆಗೆ ಕಾದು, 'ಸರ್ವರ್ ಬಿಜಿ' ಎಂಬ ಮಾತು ಕೇಳಿ ಬರಿಗೈಯಲ್ಲಿ ಎದ್ದು ಹೋದರು. ಅವರನ್ನು ಕಂಡು ನಮಗೆ ಐವತ್ತು ವರ್ಷಗಳ ಹಿಂದಿನ ಇನ್ನೊಬ್ಬ ತಾಯಿಯ ನೆನಪಾಯಿತು.

ಆಗ ನಾವು ಮಠದಲ್ಲಿ ವಿದ್ಯಾರ್ಥಿಗಳು. ಜಾತ್ರೆಯ ದಾಸೋಹಕ್ಕೆ ಅಫಜಲಪುರ, ಜೇವರ್ಗಿ ಕಡೆಯಿಂದ ಬಂಡಿಗಳು ಬಂದಿದ್ದವು. ಬಡಿಸುವವರಿಗೆ ಪಂಕ್ತಿ ಹಂಚುವ ಸೇವೆ ನಮ್ಮ ಪಾಲಿಗೆ ಬಂದಿತ್ತು. ನಾಲ್ವರು ಬಡಿಸುವವರು, ಎಂಟು ಪಂಕ್ತಿ. ತಲೆಗೆ ಎರಡರಂತೆ ಹಂಚಿ ನಿಶ್ಚಿಂತರಾದೆವು. ಆ ನಾಲ್ವರಲ್ಲಿ ಒಬ್ಬನಿಗೆ ಜ್ವರವಿದ್ದುದನ್ನು ವಿಚಾರಿಸಲಿಲ್ಲ. ಅವನ ಎರಡನೆಯ ಸಾಲಿಗೆ ಹುಗ್ಗಿ ತಲುಪಲೇ ಇಲ್ಲ. ಜೇವರ್ಗಿ ಕಡೆಯ ವೃದ್ಧೆಯೊಬ್ಬರು ಬಂಡಿ ಹೊರಟಿತೆಂದು ಉಣ್ಣದೆ ಎದ್ದರು. ಗುರುಗಳು ಗದರಲಿಲ್ಲ. "ತಮ್ಮಾ, ಸಾಲು ಎಣಿಸಿದಿ, ಕೈ ನೋಡಲಿಲ್ಲ" ಎಂದಷ್ಟೇ ಅಂದರು.

ಅಂತರಜಾಲದಲ್ಲಿಯೂ ಇಂಥದೇ ಪಂಕ್ತಿ ಹಂಚುವಿಕೆ ನಡೆಯುತ್ತದೆಂದು ಗಣಕಯಂತ್ರ ಬಲ್ಲ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಂದ ಅರಿತೆವು. ದೊಡ್ಡ ಸೇವೆಯನ್ನು ಒಂದೇ ಸರ್ವರ್ ನಡೆಸುವುದಿಲ್ಲ. ಹಲವು ಸರ್ವರುಗಳ ಸಮೂಹ ನಡೆಸುತ್ತದೆ. ಅವುಗಳ ಮುಂದೆ 'ಲೋಡ್ ಬ್ಯಾಲೆನ್ಸರ್' ಎಂಬ ವ್ಯವಸ್ಥೆ ನಿಂತು ಬಂದ ಕೋರಿಕೆಗಳನ್ನು ಹಂಚುತ್ತದೆ. ಸರದಿಯಂತೆ ಎಲ್ಲಕ್ಕೂ ಸಮನಾಗಿ ಕೊಡುವುದು ಸರಳ ಕ್ರಮ. ನಾವು ಅಂದು ಮಾಡಿದ್ದು ಅದನ್ನೇ. ಆ ಗಳಿಗೆಯಲ್ಲಿ ಯಾವುದಕ್ಕೆ ಕೆಲಸ ಕಡಿಮೆಯೋ ಅದಕ್ಕೆ ಕೊಡುವುದು ಇನ್ನೊಂದು ಕ್ರಮ. ಕೆಲವು ಕ್ಷಣಗಳಿಗೊಮ್ಮೆ ಪ್ರತಿಯೊಂದರ ಕ್ಷೇಮ ವಿಚಾರಿಸಿ, ಉತ್ತರ ಬಾರದಿದ್ದರೆ ಅದರ ಪಾಲನ್ನು ಉಳಿದವುಗಳಿಗೆ ಒಪ್ಪಿಸುವುದೂ ಉಂಟು. ಚೇತರಿಸಿಕೊಂಡ ಬಳಿಕ ಅದನ್ನು ಮತ್ತೆ ಸೇರಿಸಿಕೊಳ್ಳಲಾಗುತ್ತದೆ. ಆದರೆ ಎಲ್ಲ ಸರ್ವರುಗಳೂ ಒಂದೇ ದಾಖಲೆ ಭಂಡಾರವನ್ನು ಆಶ್ರಯಿಸಿದ್ದರೆ ಅಲ್ಲಿಯೇ ದಟ್ಟಣೆಯಾಗುತ್ತದೆ. ಒಂದೇ ಹಂಡೆಗೆ ನೂರು ಸೌಟು ಇಳಿಸಿದರೆ ಬಡಿಸುವುದು ಬೇಗನೆ ಆಗಲಾರದಷ್ಟೆ.

ಹೊರೆಯನ್ನು ವೇಳೆಯಲ್ಲಿಯೂ ಹಂಚಬಹುದು. 2023ರ ಜುಲೈ ತಿಂಗಳಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ, ಯಾವ ದಿನ, ಯಾವ ವೇಳೆಗೆ, ಯಾವ ಕೇಂದ್ರಕ್ಕೆ ಬರಬೇಕೆಂದು ಮೊಬೈಲಿಗೆ ಸಂದೇಶ ಕಳುಹಿಸುವ ಏರ್ಪಾಡಿತ್ತು. ಎಲ್ಲರೂ ಮೊದಲ ಪಂಕ್ತಿಗೇ ನುಗ್ಗದಿರಲೆಂಬ ಜಾಣ್ಮೆ ಅದು.

ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಜನಿಸಿದ ಶರಣಬಸವೇಶ್ವರರು ಕಲಬುರಗಿಯಲ್ಲಿ ದಾಸೋಹವನ್ನೇ ಬಾಳಾಗಿಸಿಕೊಂಡವರು. ಆ ನೆಲದವರಾದ ನಮಗೆ ಉಣ್ಣುವವರ ಹಸಿವು ಬೇಗ ಕಾಣುತ್ತದೆ. ಬಡಿಸುವವರ ದಣಿವು ತಡವಾಗಿ ಕಾಣುತ್ತದೆ. ಹಬ್ಬದ ದಿನ ನಮ್ಮ ಮನೆಗಳಲ್ಲಿ ಒಬ್ಬಳೇ ಸೊಸೆ ಒಲೆಯ ಮುಂದೆ ಬೆವರುವಾಗ, ಹೊರಗೆ ಬಿಡುವಾಗಿ ಕುಳಿತ ಕೈಗಳೆಷ್ಟು? ಕ್ಷೇಮ ವಿಚಾರಿಸುವ ಗುಣ ಯಂತ್ರಕ್ಕೆ ಬಂದಿದೆ. ನಮ್ಮಿಂದ ಅದು ದೂರವಾಗಬಾರದು.

ಮರುದಿನ ಆ ತಾಯಿಯ ಮನೆ ವಿಚಾರಿಸಿ ಹೋಗಿ ಅವರ ಹೊಲದ ಸರ್ವೆ ನಂಬರ್ ಕೇಳಿಕೊಂಡೆವು. ಜನ ಸೇರುವ ಮೊದಲೇ ಕೇಂದ್ರಕ್ಕೆ ಹೋಗಿ ಪಹಣಿ ಪಡೆದು ಅವರಿಗೆ ಮುಟ್ಟಿಸಿದೆವು. ಅಂದು ಅವರ ಕೂಲಿ ತಪ್ಪಲಿಲ್ಲ. ಉಣ್ಣದೆ ಹೋದ ಆ ವೃದ್ಧೆಯ ಋಣ ಮಾತ್ರ ನಮ್ಮ ಮೇಲೆ ಹಾಗೆಯೇ ಇದೆ.