‘ಹೂಂ ಸಾರ್’ ಎಂಬ ಪ್ರತಿರೋಧ

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಬೋಧಿಸಿದ ನಾನು, ಎದುರು ಮಾತನಾಡುವ ವಿದ್ಯಾರ್ಥಿಗೆ ಎಂದೂ ಅಳುಕಿದವನಲ್ಲ. ಎದುರಾಡುವವನ ಬಳಿ ಮಾತಾದರೂ ಇರುತ್ತದೆ. ಅದನ್ನು ಹಿಡಿದು ಮುಂದೆ ಸಾಗಬಹುದು. ನನ್ನನ್ನು ನಿಜವಾಗಿ ಸೋಲಿಸಿದವನು ಒಂದು ದಿನವೂ ಎದುರಾಡದಿದ್ದ ಒಬ್ಬ ಹುಡುಗ. ನಾನು ಏನು ಹೇಳಿದರೂ ಅವನದು ಒಂದೇ ಉತ್ತರ: “ಹೂಂ ಸಾರ್.”

ಅದು 1994ನೆಯ ಇಸವಿ. ತಾಲ್ಲೂಕು ಕೇಂದ್ರದಿಂದ ಏಳೆಂಟು ಮೈಲಿ ದೂರದ ಊರಿನಲ್ಲಿ ನನಗೆ ಕೆಲಸ. ಹುಡುಗ ಹತ್ತನೆಯ ತರಗತಿಯಲ್ಲಿದ್ದ. ಲೆಕ್ಕದಲ್ಲಿ ಬಹಳ ಚುರುಕು. ಆದರೆ ವಾರಕ್ಕೆ ಎರಡು ದಿನ ತಪ್ಪದೆ ಗೈರುಹಾಜರಿ. ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕವನ್ನು ನನ್ನ ಮುಂದೆ ಹಿಡಿದು, “ಮೇಷ್ಟ್ರೇ, ನಿಮ್ಮ ಮಾತಾದರೆ ಕೇಳ್ತಾನೆ. ಸ್ವಲ್ಪ ಬುದ್ಧಿ ಹೇಳಿ” ಎಂದರು. ‘ಬುದ್ಧಿ ಹೇಳುವುದು’ ಎಂಬ ನುಡಿಗಟ್ಟನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ ನೋಡಿ! ಬುದ್ಧಿ ಎಂಬುದು ಹೇಳುವವನ ಬಳಿ ತುಂಬಿ ತುಳುಕುತ್ತಿದೆ, ಕೇಳುವವನ ಬಳಿ ಖಾಲಿ ಕೊಡವಿದೆ ಎಂಬ ನಂಬಿಕೆ ಆ ಮಾತಿನೊಳಗೇ ಅಡಗಿದೆ.

ಮಧ್ಯಾಹ್ನದ ಬಿಡುವಿನಲ್ಲಿ ಅವನನ್ನು ಮೂರು ಬಾರಿ ಸ್ಟಾಫ್ ರೂಮಿಗೆ ಕರೆಸಿದೆ. ಎಸ್ಸೆಸ್ಸೆಲ್ಸಿಯ ಮಹತ್ವ ಹೇಳಿದೆ, ಬೀದಿದೀಪದಡಿ ಓದಿ ಮುಂದೆ ಬಂದವರ ಕಥೆ ಹೇಳಿದೆ. “ಅರ್ಥ ಆಯ್ತಾ?” “ಹೂಂ ಸಾರ್.” “ಇನ್ನು ಮೇಲೆ ತಪ್ಪಿಸಲ್ಲ ತಾನೇ?” “ಹೂಂ ಸಾರ್.” ಮತ್ತೆ ಮುಂದಿನ ವಾರ ಅದೇ ಎರಡು ದಿನ ಅವನ ಜಾಗ ಖಾಲಿ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಕಲಿತಿದ್ದ ನನಗೆ, ಮೌನವಿರಲಿ, ಬಾಯಿಬಿಟ್ಟು ಹೇಳಿದ ಸಮ್ಮತಿಯೂ ನಿರಾಕರಣೆಯಾಗಿರಬಹುದೆಂದು ಹೊಳೆಯಲಿಲ್ಲ. ಇದು ಶುದ್ಧ ಮೊಂಡುತನವೆಂದು ತೀರ್ಮಾನಿಸಿ ಅವನ ತಂದೆಗೆ ಹೇಳಿಕಳುಹಿಸಿದೆ.

ತಂದೆ ಬಂದರು. ಬೆಳಗಿನ ಹನ್ನೊಂದು ಗಂಟೆಗೇ ಬಾಯಲ್ಲಿ ಹೆಂಡದ ವಾಸನೆ. ನಾನು ವಿಷಯ ಹೇಳಿ ಮುಗಿಸುವ ಮೊದಲೇ ಕಾಲಿನ ಚಪ್ಪಲಿ ಕೈಗೆ ಬಂದಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲೇ ಹುಡುಗನಿಗೆ ನಾಲ್ಕಾರು ಏಟು ಬಿದ್ದ ಮೇಲೆ ನಾವು ಎದ್ದು ತಡೆದೆವು. ಹುಡುಗ ಅಳಲಿಲ್ಲ. ಮಾರನೆಯ ದಿನದಿಂದ ಒಂದು ವಾರ ಪೂರ್ತಿ ಶಾಲೆಗೆ ಬಂದ. ನಾನು ಗೆದ್ದೆನೆಂದುಕೊಂಡೆ. ಅನಂತರ ಅವನು ಬರಲೇ ಇಲ್ಲ, ಟಿ.ಸಿ. ಪಡೆಯಲೂ ಬರಲಿಲ್ಲ.

ಆ ಎರಡು ದಿನಗಳು ಸುತ್ತಲಿನ ಎರಡು ಊರುಗಳ ಸಂತೆಯ ದಿನಗಳೆಂದು ಅವನ ಜೊತೆಯ ಹುಡುಗರಿಂದ ಆಮೇಲೆ ತಿಳಿಯಿತು. ತರಕಾರಿ ಮೂಟೆ ಹೊತ್ತು ತರುತ್ತಿದ್ದ ಕೂಲಿಯಲ್ಲಿ ಮನೆಯ ಒಲೆ ಉರಿಯುತ್ತಿತ್ತು. ಅದನ್ನು ಹೇಳಿದರೆ ತಂದೆಯ ಕುಡಿತದ ವಿಷಯವನ್ನೂ ಹೇಳಬೇಕಾಗುತ್ತಿತ್ತು. ಹದಿನೈದರ ಹುಡುಗ ತನ್ನ ಮನೆಯ ಮರ್ಯಾದೆಯನ್ನು ‘ಹೂಂ ಸಾರ್’ ಎಂಬ ಎರಡು ಪದಗಳಿಂದ ಕಾಯುತ್ತಿದ್ದ. ನಾನು ಅವನನ್ನು “ಯಾಕೆ ಬರಲಿಲ್ಲ?” ಎಂದು ಹತ್ತಾರು ಸಲ ಕೇಳಿದ್ದುಂಟು. ಆದರೆ ಮೇಷ್ಟ್ರ ಬಾಯಲ್ಲಿ ‘ಯಾಕೆ’ ಎಂಬುದು ಪ್ರಶ್ನೆಯಲ್ಲ, ಆರೋಪಪಟ್ಟಿ. ಅದಕ್ಕೆ ಯಾವ ಮಗುವೂ ಉತ್ತರ ಕೊಡುವುದಿಲ್ಲ.

ಒಂಬತ್ತು ವರ್ಷಗಳ ನಂತರ, 2003ರ ಬೇಸಿಗೆ ರಜೆಯಲ್ಲಿ, ಶಿಕ್ಷಕರಿಗೆ ಆಪ್ತಸಮಾಲೋಚನೆಯ ತರಬೇತಿಯೊಂದು ನಡೆಯಿತು. ನಾನು ಹೋದದ್ದೂ ಸ್ವಂತ ಇಚ್ಛೆಯಿಂದಲ್ಲ, ಆದೇಶ ಬಂದದ್ದರಿಂದ. ಅಲ್ಲಿ ಮೊದಲ ಬಾರಿಗೆ ‘ಪ್ರತಿರೋಧ’ ಎಂಬ ಪದವನ್ನು ಮನಸ್ಸಿನ ಸಂಬಂಧದಲ್ಲಿ ಕೇಳಿದೆ. ಅಲ್ಲಿಯವರೆಗೆ ನನಗೆ ಗೊತ್ತಿದ್ದ ರೋಧವೆಂದರೆ ಓಮ್‌ಗಳಲ್ಲಿ ಅಳೆಯುವ ವಿದ್ಯುತ್ ರೋಧ ಮಾತ್ರ. ನೆರವಿಗೆಂದು ಬಂದ ವ್ಯಕ್ತಿಯೇ ನೆರವಿಗೆ ಅಡ್ಡ ನಿಲ್ಲುವುದನ್ನು ಮನೋವಿಜ್ಞಾನಿಗಳು ಹೀಗೆ ಕರೆಯುತ್ತಾರೆಂದು ತಿಳಿದಾಗ, ನನ್ನ ಕಣ್ಣ ಮುಂದೆ ಬಂದು ನಿಂತವನು ಅದೇ ಹುಡುಗ. ಆಮೇಲೆ ಈ ವಿಷಯವನ್ನು ಹುಡುಕಿ ಹುಡುಕಿ ಓದಿದೆ. ಓದಿದ್ದರಲ್ಲಿ ಕೆಲವನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಈ ಕಲ್ಪನೆಯನ್ನು ಮುಖ್ಯವಾಗಿ ಮುಂದಿಟ್ಟವರು ಸಿಗ್ಮಂಡ್ ಫ್ರಾಯ್ಡ್. 1895ರಲ್ಲಿ ಬ್ರಾಯರ್ ಅವರೊಡನೆ ಪ್ರಕಟಿಸಿದ ಹಿಸ್ಟೀರಿಯಾ ಕುರಿತ ಗ್ರಂಥದಲ್ಲೇ, ನೋವಿನ ನೆನಪುಗಳು ಹೊರಬರದಂತೆ ರೋಗಿಯ ಮನಸ್ಸಿನೊಳಗೆ ಒಂದು ಬಲ ತಡೆಯುತ್ತದೆಂದು ಅವರು ಗುರುತಿಸಿದ್ದರು. ಅಲ್ಲಿ ಪ್ರತಿರೋಧದ ಮನೆ ರೋಗಿಯ ಒಳಗಿತ್ತು. ಅಮೆರಿಕದ ಕಾರ್ಲ್ ರೋಜರ್ಸ್ 1942ರ ತಮ್ಮ ಪುಸ್ತಕದಲ್ಲಿ ಇದನ್ನು ತಿರುವುಮುರುವು ಮಾಡಿದರು. ಪ್ರತಿರೋಧ ಅನಿವಾರ್ಯವೇನಲ್ಲ, ಸಮಾಲೋಚಕನ ಅವಸರ ಮತ್ತು ಒತ್ತಾಯಗಳಿಂದಲೇ ಅದು ಬಹುಮಟ್ಟಿಗೆ ಹುಟ್ಟುತ್ತದೆ ಎಂಬುದು ಅವರ ವಾದ. 1966ರಲ್ಲಿ ಜ್ಯಾಕ್ ಬ್ರೆಮ್ ಎಂಬ ಮನೋವಿಜ್ಞಾನಿ ಇನ್ನೊಂದು ಸರಳ ಸತ್ಯವನ್ನು ಸಿದ್ಧಾಂತವಾಗಿಸಿದರು: ಮನುಷ್ಯನ ಆಯ್ಕೆಯ ಸ್ವಾತಂತ್ರ್ಯಕ್ಕೆ ಯಾರಾದರೂ ಕೈಹಾಕಿದರೆ, ಆ ಸ್ವಾತಂತ್ರ್ಯವನ್ನು ಮರಳಿ ಪಡೆಯಲು ಅವನು ಬೇಡವೆಂದದ್ದನ್ನೇ ಮಾಡಲು ಹೊರಡುತ್ತಾನೆ. ಮೂರು ವರ್ಷದ ಮಗುವನ್ನು ಸಾಕಿದ ಯಾವ ತಾಯಿಗೂ ಇದು ಹೊಸ ವಿಷಯವಲ್ಲ.

ನನ್ನನ್ನು ಹೆಚ್ಚು ಚುಚ್ಚಿದ್ದು ಪ್ಯಾಟರ್‌ಸನ್ ಮತ್ತು ಫೊರ್ಗಾಚ್ ಎಂಬ ಇಬ್ಬರು 1985ರಲ್ಲಿ ಪ್ರಕಟಿಸಿದ ಅಧ್ಯಯನ. ಹಟಮಾರಿ ಮಕ್ಕಳ ತಾಯಂದಿರೊಂದಿಗೆ ಚಿಕಿತ್ಸಕರು ನಡೆಸಿದ ಮಾತುಕತೆಯನ್ನು ಅವರು ಕ್ಷಣಕ್ಷಣವೂ ಗಮನಿಸಿದರು. ಚಿಕಿತ್ಸಕ ಪಾಠ ಹೇಳಲು ಅಥವಾ ಎದುರು ವಾದಿಸಲು ತೊಡಗಿದಾಗ ತಾಯಂದಿರ ಅಸಹಕಾರ ಏರುತ್ತಿತ್ತು, ಬೆಂಬಲಿಸಿದಾಗ ಇಳಿಯುತ್ತಿತ್ತು. ಪಾಠ ಹೇಳುವುದು! ನನ್ನ ಜೀವಮಾನದ ವೃತ್ತಿಯೇ ಅದು. ಕುಡಿತದ ಸಮಸ್ಯೆಯಿದ್ದವರ ಬಗ್ಗೆ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಾರಿಯದು. ಚಿಕಿತ್ಸಕ ಹೆಚ್ಚು ಹೆಚ್ಚು ಖಂಡಿಸಿದಷ್ಟೂ ಒಂದು ವರ್ಷದ ನಂತರ ಆ ವ್ಯಕ್ತಿಯ ಕುಡಿತವೂ ಹೆಚ್ಚೇ ಇತ್ತು. ಈ ಮಿಲ್ಲರ್ ಅವರು ಸ್ಟೀಫನ್ ರೋಲ್‌ನಿಕ್ ಅವರೊಡನೆ ಬರೆದ ಪುಸ್ತಕದ 2013ರ ಆವೃತ್ತಿಯಲ್ಲಿ ‘ಪ್ರತಿರೋಧ’ ಎಂಬ ಹಣೆಪಟ್ಟಿಯನ್ನೇ ಬದಿಗಿಟ್ಟು ಅದನ್ನು ಎರಡಾಗಿ ಒಡೆದರು. ಒಂದು, ಇದ್ದಂತೆಯೇ ಇರಬೇಕೆಂಬ ಪರವಾದ ಮಾತು. ಬದಲಾವಣೆಯ ಮುಂದೆ ನಿಂತ ಯಾರಿಗಾದರೂ ಸಹಜವಾದ ಹೊಯ್ದಾಟದ ಅರ್ಧಭಾಗವಿದು. ಇನ್ನೊಂದು, ಇಬ್ಬರ ನಡುವಿನ ಸಂಬಂಧದಲ್ಲೇ ಎದ್ದ ಅಪಸ್ವರ. ಮೊದಲನೆಯದನ್ನು ಕೇಳಿಸಿಕೊಳ್ಳಬೇಕು, ಎರಡನೆಯದನ್ನು ಸರಿಪಡಿಸಬೇಕಾದವನು ಮೊದಲು ಸಮಾಲೋಚಕನೇ.

ತಪ್ಪು ಕಂಡೊಡನೆ ತಿದ್ದಬೇಕೆಂಬ ನಮ್ಮ ಒಳತುಡಿತದ ಬಗ್ಗೆಯೂ ಅವರು ಎಚ್ಚರಿಸುತ್ತಾರೆ. ನಾನು ಇದನ್ನು ‘ಕೆಂಪು ಶಾಯಿಯ ಚಟ’ ಎಂದು ಕರೆದುಕೊಂಡಿದ್ದೇನೆ. ಉತ್ತರಪತ್ರಿಕೆಗೆ ಕೆಂಪು ಶಾಯಿ ಬೇಕು. ಎದುರು ಕುಳಿತು ಮಾತನಾಡುವವರ ವಾಕ್ಯಗಳಿಗೆ ಅದನ್ನು ಹಚ್ಚತೊಡಗಿದರೆ, ಅವರು ಪತ್ರಿಕೆಯನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಪ್ರತಿರೋಧಕ್ಕೆ ವೇಷಗಳು ಅನೇಕ. ಮೌನ ಅದರಲ್ಲೊಂದು. ಎಲ್ಲಕ್ಕೂ ಒಪ್ಪಿಬಿಡುವುದು ಇನ್ನೊಂದು. ತಡವಾಗಿ ಬರುವುದು, ‘ಮರೆತುಹೋಯಿತು ಸಾರ್’ ಎನ್ನುವುದು, ಗಂಭೀರ ವಿಷಯಕ್ಕೆ ನಗುವುದು, ತನ್ನನ್ನು ಬಿಟ್ಟು ಊರಿನವರೆಲ್ಲರ ಸುದ್ದಿ ಹೇಳುವುದು. ಅರ್ಧ ಗಂಟೆ ಏನೇನೋ ಮಾತನಾಡಿ, ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ನಿಜವಾದ ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳಿ ಓಡಿಹೋಗುವವರೂ ಉಂಟು. ಇವುಗಳ ಹಿಂದೆ ಇರುವುದು ಬಹುಪಾಲು ಭಯ, ನಾಚಿಕೆ, ಇಲ್ಲವೇ ಯಾರನ್ನೋ ಕಾಯುವ ಹಂಬಲ. ಶಾಲೆಯಲ್ಲಂತೂ ಮಗು ತಾನಾಗಿ ಬಂದಿರುವುದಿಲ್ಲ, ಯಾರೋ ಕಳುಹಿಸಿರುತ್ತಾರೆ.

ತರಬೇತಿಯ ಮರುವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ತರಗತಿ ಶಿಕ್ಷಕಿ ನನ್ನ ಬಳಿ ಕಳುಹಿಸಿದರು. ಚೆನ್ನಾಗಿ ಓದುತ್ತಿದ್ದವಳು ಹಿಂದೆ ಬಿದ್ದಿದ್ದಾಳೆ, ಕೇಳಿದರೆ ಬಾಯಿ ಬಿಡುವುದಿಲ್ಲ ಎಂಬುದು ದೂರು. ಎರಡು ದಿನ ಅವಳು ತಲೆ ತಗ್ಗಿಸಿ ಕುಳಿತಳು. ಮೂರನೆಯ ದಿನ ನಾನು, “ನೋಡಮ್ಮ, ನೀನಾಗಿ ಬಂದಿಲ್ಲ, ನಿನ್ನನ್ನ ಕಳಿಸಿದಾರೆ. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಮಾತಾಡ್ತಿರಲಿಲ್ಲವೇನೋ. ಸುಮ್ಮನೆ ಕೂತಿರಬೇಕು ಅನ್ನಿಸಿದರೆ ಕೂತಿರು” ಎಂದು ಹೇಳಿ ನನ್ನ ಪಾಡಿಗೆ ಕುಳಿತೆ. ಮೇಷ್ಟ್ರಿಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು: “ಸಾರ್, ಇಲ್ಲಿ ಹೇಳಿದ್ದು ಮನೆಗೆ ಹೋಗುತ್ತಾ?”

ಪ್ರತಿರೋಧದ ಕೀಲಿಕೈ ಆ ಪ್ರಶ್ನೆಯಲ್ಲಿತ್ತು. ನಾನು ಪ್ರಾಮಾಣಿಕವಾಗಿ ಉತ್ತರಿಸಿದೆ: ನಿನ್ನ ಜೀವಕ್ಕೆ, ಮಾನಕ್ಕೆ ಅಪಾಯವಿರುವ ವಿಷಯವಾದರೆ ನಾನು ಹೇಳಲೇಬೇಕಾಗುತ್ತದೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ, ಮಿಕ್ಕದ್ದು ನಿನ್ನನ್ನು ಕೇಳದೆ ಹೊರಗೆ ಹೋಗುವುದಿಲ್ಲ. ಆಗ ಹೊರಬಿದ್ದದ್ದು ಇಷ್ಟೇ: ಅವಳಿಗೆ ಕರಿಹಲಗೆಯ ಅಕ್ಷರ ಕಾಣುತ್ತಿರಲಿಲ್ಲ. ಕನ್ನಡಕದ ಕಾರಣಕ್ಕೆ ಅಕ್ಕನ ಸಂಬಂಧವೊಂದು ಮುರಿದುಬಿದ್ದು ಮನೆಯಲ್ಲಿ ದೊಡ್ಡ ರಾದ್ಧಾಂತವಾಗಿತ್ತು. ‘ಇವಳಿಗೂ ಬಂತಾ?’ ಎಂದು ಅಮ್ಮ ಅಳುವುದನ್ನು ನೋಡಲಾರದೆ ಹುಡುಗಿ ಕುರುಡಾಗಿಯೇ ಪಾಠ ಕೇಳುತ್ತಿದ್ದಳು.

ನನ್ನ ನಾಲಿಗೆಯ ತುದಿಯಲ್ಲಿ ಒಂದು ಭಾಷಣ ಸಿದ್ಧವಾಗಿತ್ತು. ಅದನ್ನು ನುಂಗಿಕೊಂಡು, “ಕನ್ನಡಕ ಹಾಕದೆ ಇರೋದರಿಂದ ಏನೇನು ಅನುಕೂಲ ಇದೆ?” ಎಂದು ಕೇಳಿದೆ. ಅವಳು ಬೆರಗಾಗಿ ನನ್ನ ಮುಖ ನೋಡಿದಳು. ಅನುಕೂಲಗಳನ್ನು ಹೇಳುತ್ತಾ ಹೋದವಳು, ಅವು ಮುಗಿದ ಮೇಲೆ ತಾನಾಗಿ “ಆದರೆ ಸಾರ್...” ಎಂದಳು. ಆ ‘ಆದರೆ’ಯನ್ನು ನಾನು ಹೇಳಿದ್ದರೆ ಅವಳು ಅಲ್ಲೇ ಬಾಯಿ ಮುಚ್ಚುತ್ತಿದ್ದಳು. ಅಂತಿಮವಾಗಿ ಅವಳೇ ಒಂದು ದಾರಿ ಕಂಡುಕೊಂಡಳು. ಅಪ್ಪನಿಗೆ ತಾನೇ ಹೇಳುತ್ತೇನೆ, ಕನ್ನಡಕವನ್ನು ಶಾಲೆಯಲ್ಲಿ ಮಾತ್ರ ಹಾಕಿ ಚೀಲದಲ್ಲಿಟ್ಟುಕೊಳ್ಳುತ್ತೇನೆ ಎಂದಳು. ನನ್ನ ಕೆಂಪು ಶಾಯಿ ಅದಕ್ಕೆ ಪೂರ್ಣ ಅಂಕ ಕೊಡುತ್ತಿರಲಿಲ್ಲ. ಆದರೆ ಪರಿಹಾರ ಅವಳದು. ಎರಡು ತಿಂಗಳಲ್ಲಿ ಅವಳು ಮೊದಲ ಬೆಂಚಿನಿಂದ ತನ್ನ ಹಳೆಯ ಜಾಗಕ್ಕೆ ಮರಳಿದಳು.

ಇದು ಪಾಶ್ಚಾತ್ಯರ ಸೊತ್ತೇನೂ ಅಲ್ಲ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನ ಅಳಲನ್ನು ಕೃಷ್ಣ ಹೆಚ್ಚುಕಡಿಮೆ ಬಾಯಿಬಿಡದೆ ಕೇಳುತ್ತಾನೆ. ಎರಡನೆಯ ಅಧ್ಯಾಯದ ಆರಂಭದಲ್ಲಿ ಮೂದಲಿಸಿ ಎಬ್ಬಿಸಲು ನೋಡುತ್ತಾನೆ. ಫಲವಾಗಿ ಅರ್ಜುನ ಯುದ್ಧ ಮಾಡುವುದಿಲ್ಲವೆಂದು ಹೇಳಿ ಮೌನವಾಗುತ್ತಾನೆ. ಸ್ವತಃ ಭಗವಂತನಿಗೂ ಗದರಿಕೆ ಫಲಿಸಲಿಲ್ಲ! ಕಡೆಯ ಅಧ್ಯಾಯದಲ್ಲಿ ಕೃಷ್ಣ, ಎಲ್ಲವನ್ನೂ ಪೂರ್ತಿಯಾಗಿ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡು ಎಂದು ಆಯ್ಕೆಯನ್ನು ಅವನಿಗೇ ಬಿಡುತ್ತಾನೆ. ನಡುವೆ ದೀರ್ಘ ಬೋಧನೆಯಿದೆ, ನಿಜ. ಆದರೆ ಅದು ಅರ್ಜುನ ಶಿಷ್ಯನಾಗಿ ಕೇಳಿಕೊಂಡ ಮೇಲೆ, ಅವನ ಪ್ರಶ್ನೆಗಳ ಬೆನ್ನು ಹಿಡಿದು ನಡೆದ ಬೋಧನೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಕಾಯುವುದು ಎಲ್ಲ ಸಂದರ್ಭಗಳಿಗೂ ಹೊಂದುವುದಿಲ್ಲ. ಮಗು ಸಾಯುವ ಮಾತನಾಡಿದರೆ ಸೌಮ್ಯವಾಗಿ, ನೇರವಾಗಿ ವಿಚಾರಿಸಿ, ಒಂಟಿಯಾಗಿ ಬಿಡದೆ, ತಜ್ಞರ ಬಳಿಗೆ ಒಯ್ಯಬೇಕು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. 2022ರಿಂದ ‘ಟೆಲಿ ಮನಸ್’ ಎಂಬ ಸರ್ಕಾರಿ ಸಹಾಯವಾಣಿಯೂ ಇದೆ, ಸಂಖ್ಯೆ 14416. ನಾವು ಶಿಕ್ಷಕರು ಮೊದಲ ಮೆಟ್ಟಿಲು ಮಾತ್ರ. ಮಹಡಿಯೇ ನಾವೆಂದು ಭ್ರಮಿಸಬಾರದು.

ಇಷ್ಟೆಲ್ಲ ಉಪದೇಶಿಸುವ ನಾನು ಯಾವ ಸಂತ? ನಿವೃತ್ತಿಯ ನಂತರ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಆಸ್ಪತ್ರೆಯಲ್ಲಿ ನನ್ನ ಮಗಳ ವಯಸ್ಸಿನ ವೈದ್ಯೆ ಇಪ್ಪತ್ತು ನಿಮಿಷ ಪಥ್ಯದ ಪಾಠ ಹೇಳಿದರು. ಎಲ್ಲದಕ್ಕೂ “ಹೂಂ ಡಾಕ್ಟ್ರೇ, ಹೂಂ ಡಾಕ್ಟ್ರೇ” ಎಂದವನು ಆಸ್ಪತ್ರೆಯ ಎದುರಿನ ಹೋಟೆಲಿನಲ್ಲೇ ಎರಡು ಚಮಚ ಸಕ್ಕರೆಯ ಕಾಫಿ ಕುಡಿದೆ. ಲೋಟ ಕೆಳಗಿಡುವಾಗ ನನ್ನದೇ ‘ಹೂಂ’ ಕಿವಿಯಲ್ಲಿ ಗುಂಯ್‌ಗುಟ್ಟಿತು.

2019ರಲ್ಲಿ ತಾಲ್ಲೂಕು ಬಸ್ ನಿಲ್ದಾಣದಲ್ಲಿ ನಡುವಯಸ್ಸಿನವರೊಬ್ಬರು “ಸಾರ್” ಎಂದು ಕಾಲಿಗೆರಗಿದರು. ಅದೇ ಹುಡುಗ. ತರಕಾರಿ ಮಂಡಿ ಇಟ್ಟುಕೊಂಡಿದ್ದಾನಂತೆ, ಮಗಳು ಪಿಯುಸಿ ಓದುತ್ತಿದ್ದಾಳಂತೆ. ಬೇಡವೆಂದರೂ ಬಿಡದೆ ಚಹಾ ಕುಡಿಸಿದ. ಆ ಎರಡು ದಿನಗಳ ಬಗ್ಗೆಯಾಗಲೀ ತಂದೆಯ ಬಗ್ಗೆಯಾಗಲೀ ನಾನು ಏನನ್ನೂ ಕೇಳಲಿಲ್ಲ. ಇಪ್ಪತ್ತೈದು ವರ್ಷಗಳಿಂದ ಹೇಳಬೇಕೆಂದುಕೊಂಡಿದ್ದ ಒಂದೇ ಮಾತನ್ನು ಹೇಳಿದೆ: “ಅವತ್ತು ನಿಮ್ಮಪ್ಪನ್ನ ನಾನು ಕರೆಸಬಾರದಿತ್ತು ಕಣಪ್ಪಾ. ತಪ್ಪು ಮಾಡಿದೆ.”

ಅವನು ಲೋಟವನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿ, “ಹೂಂ ಸಾರ್” ಎಂದ.

ಆ ಬಾಯಿಂದ ನಾನು ಕೇಳಿದ ನಿಜವಾದ ‘ಹೂಂ’ ಅದೊಂದೇ.