ಹೆಸರಿಲ್ಲದ ಹಾಡು

ಗೌರಿ ಹಬ್ಬಕ್ಕೆ ಗೊರೂರಿಗೆ ಹೋದಾಗ ಅಪ್ಪನ ಫೋನ್‌ನಲ್ಲಿ ‘ಭೂತಯ್ಯನ ಮಗ ಅಯ್ಯು’ ಸಿನಿಮಾದ ಹಾಡು ಬರ್ತಿತ್ತು. ಗಾಯಕರ ಹೆಸರಿರಬೇಕಾದ ಕಡೆ ಯಾವುದೋ ಡೌನ್‌ಲೋಡ್ ಸೈಟಿನ ಹೆಸರು! “ನಮ್ಮೂರಿನ ರಾಮಸ್ವಾಮಿ ಅಯ್ಯಂಗಾರರ ಕಥೆ ಕಣೋ ಇದು, ಸರಿ ಮಾಡು” ಅಂದ್ರು.

ಫೈಲಿನ ಹೆಸರು ಬದಲಿಸಿದ್ರೆ ಸಾಲದು. ಪ್ಲೇಯರ್ ಓದೋದು ಫೈಲಿನೊಳಗಿನ ಟ್ಯಾಗನ್ನ. ಮೊದಲು ಒಂದು ಕಾಪಿ ಎತ್ತಿಟ್ಟೆ. ಆಮೇಲೆ ಟ್ಯಾಗ್ ಎಡಿಟರ್ ಆ್ಯಪ್‌ನಲ್ಲಿ ಸಿನಿಮಾದ ಹೆಸರು, ಸಂಗೀತ ಜಿ.ಕೆ. ವೆಂಕಟೇಶ್, ವರ್ಷ 1974 ಅಂತ ಕನ್ನಡದಲ್ಲೇ ತುಂಬಿದೆ.

ಪಟ್ಟಿಯ ಕೊನೆಯಲ್ಲಿ ಇನ್ನೊಂದು ಫೈಲು. ಬರೀ ತಾರೀಖು, ಕೆಳಗೆ ‘ಅನ್‌ನೋನ್ ಆರ್ಟಿಸ್ಟ್’. ಒತ್ತಿದೆ. ತೀರಿಕೊಂಡ ಅಜ್ಜಿಯ ಸೋಬಾನೆ ಪದ!

ಕಳೆದ ವರ್ಷ ಫೋನ್ ತುಂಬಿದೆ ಅಂತ ಇಂಥ ಹೆಸರಿಲ್ಲದ ಫೈಲುಗಳನ್ನ ನಾನೇ ಅಳಿಸಿದ್ದೆ. ಅದರಲ್ಲಿ ಅಜ್ಜಿಯ ಎಷ್ಟು ಹಾಡು ಹೋದವೋ.

ಟೈಟಲ್ ಜಾಗದಲ್ಲಿ ‘ಸೋಬಾನೆ’ ಅಂತ ನಾನು ಬರೆದೆ. ಆರ್ಟಿಸ್ಟ್ ಜಾಗದಲ್ಲಿ ಅಜ್ಜಿಯ ಹೆಸರನ್ನ ಅಪ್ಪನೇ ಟೈಪ್ ಮಾಡಿದ್ರು, ಒಂದೊಂದೇ ಅಕ್ಷರ ಹುಡುಕಿ.

ನಿಮ್ಮ ಫೋನಲ್ಲೂ ಇಂಥದ್ದೊಂದು ಇರಬಹುದು. ಅಳಿಸೋ ಮುಂಚೆ ಒಮ್ಮೆ ಕೇಳಿ. ಹೆಸರು ಹಾಕಿಡಿ.